ಮುವಾಯ್ ಥಾಯ್‌ನ ನೇರ ಮಂಡಿ ಹೊಡೆತ: ಸೊಂಟದಿಂದ ಶುರು ಮಾಡಿ

ಥಾಯ್ಲೆಂಡಿನ ಹೊಡೆದಾಟದ ಕಲೆ ಮುವಾಯ್ ಥಾಯ್ ಕಲಿಯಲು ಸೇರಿ ಎರಡು ಮೂರು ತಿಂಗಳಾದವರು ಪದೇ ಪದೇ ಕೇಳುವುದು ಇದನ್ನೇ: "ಮಂಡಿ ಎಷ್ಟು ಎತ್ತಿ ಹೊಡೆದರೂ ತೂಗುಹಾಕಿದ ಬ್ಯಾಗ್ ಅಲುಗಾಡುವುದಿಲ್ಲ, ನನ್ನ ಮಂಡಿಯೇ ನೋಯುತ್ತದೆ. ಏಕೆ?" ಉತ್ತರ ಪ್ರಶ್ನೆಯಲ್ಲೇ ಇದೆ. ನೀವು ಮಂಡಿ ಎತ್ತುತ್ತಿದ್ದೀರಿ, ಅದಕ್ಕೇ. ಈ ಹೊಡೆತದಲ್ಲಿ ದುಡಿಯುವುದು ಸೊಂಟ. ಮಂಡಿ ಅದರ ತುದಿಗೆ ಸಿಕ್ಕಿಸಿದ ಮೊನೆ. ಒನಕೆ ಮೇಲೆ ಕೆಳಗೆ ಹೋಗುತ್ತದೆ, ಭರ್ಜಿ ಮುಂದಕ್ಕೆ ಹೋಗುತ್ತದೆ. ನಿಮ್ಮ ಮಂಡಿ ಈಗ ಒನಕೆಯಾಗಿದೆ, ಅದನ್ನು ಭರ್ಜಿ ಮಾಡಬೇಕು.

ಥಾಯ್ ಭಾಷೆಯಲ್ಲಿ ಇದಕ್ಕೆ 'ಖಾವ್ ತ್ರಾಂಗ್' ಎನ್ನುತ್ತಾರೆ. ಖಾವ್ ಎಂದರೆ ಮಂಡಿ, ತ್ರಾಂಗ್ ಎಂದರೆ ನೇರ. ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮಂಡಿ, ಎರಡು ಕಾಲು ಬಳಸುವುದರಿಂದ ಮುವಾಯ್ ಥಾಯ್‌ಗೆ ಎಂಟು ಅಂಗಗಳ ಕಲೆ ಎಂಬ ಹೆಸರಿದೆ. ಬ್ಯಾಂಕಾಕಿನ ರಾಜದಮ್ನರ್ನ್, ಲುಂಪಿನಿ ಕ್ರೀಡಾಂಗಣಗಳಲ್ಲಿ ಸಾಂಪ್ರದಾಯಿಕ ಪಂದ್ಯ ತಲಾ 3 ನಿಮಿಷದ 5 ಸುತ್ತುಗಳದ್ದು. ಅಲ್ಲಿ ಮೈಗೆ ನೆಟ್ಟಗೆ ನಾಟಿದ ಮಂಡಿಗೆ ತೀರ್ಪುಗಾರರು ಒಳ್ಳೆಯ ಬೆಲೆ ಕೊಡುತ್ತಾರೆ. ಮಂಡಿಯನ್ನೇ ನೆಚ್ಚಿ ಆಡುವವರನ್ನು 'ಮುವಾಯ್ ಖಾವ್' ಎಂದು ಕರೆಯುತ್ತಾರೆ. ಅವರಲ್ಲಿ ದೊಡ್ಡ ಹೆಸರು ಡೀಸೆಲ್‌ನಾಯ್ ಚೋರ್ ಥನಸುಕರ್ನ್. ಆರಡಿಗೂ ಎತ್ತರದ ಈ ಆಟಗಾರ 1982ರಲ್ಲಿ ಸಾಮಾರ್ಟ್ ಪಯಕರೂನ್‌ರಂಥ ಚತುರನನ್ನು ಸೋಲಿಸಿದ್ದು ಮಂಡಿಯ ಬಲದಿಂದಲೇ. ಅವರ ಹಳೆಯ ಪಂದ್ಯಗಳ ವಿಡಿಯೊ ಸಿಕ್ಕರೆ ಮಂಡಿಯನ್ನು ಬಿಟ್ಟು ಸೊಂಟವನ್ನೇ ನೋಡಿ. ಪ್ರತಿ ಹೊಡೆತಕ್ಕೂ ಅದು ಮುಂದೆ ನುಗ್ಗುವುದು ಕಾಣುತ್ತದೆ.

ಏನೇನು ಬೇಕು

ಮೊದಲ ವಾರಕ್ಕೆ ಒಂದು ಗೋಡೆ, ಒಂದು ದಿಂಬು, ಒಂದು ಉದ್ದನೆಯ ಟವೆಲ್ ಸಾಕು. ಅಭ್ಯಾಸ ಬರಿಗಾಲಲ್ಲೇ ಆಗಲಿ. ಆದರೆ ನುಣುಪಾದ ಟೈಲ್ಸ್ ಅಥವಾ ಗ್ರಾನೈಟ್ ನೆಲದ ಮೇಲೆ ಬೇಡ. ಈ ಹೊಡೆತದಲ್ಲಿ ಇಡೀ ಮೈಭಾರ ಒಂದೇ ಕಾಲಿನ ತುದಿಯ ಮೇಲೆ ನಿಲ್ಲುತ್ತದೆ. ನೆಲಕ್ಕೆ ಬೆವರು ಬಿದ್ದಿದ್ದರೆ ಜಾರಿ ಹಿಂದಕ್ಕೆ ಬೀಳುತ್ತೀರಿ. ರಬ್ಬರ್ ಮ್ಯಾಟ್ ಹಾಸಿಕೊಳ್ಳಿ, ಇಲ್ಲದಿದ್ದರೆ ಒರಟು ಸಿಮೆಂಟ್ ನೆಲವಾದರೂ ಆದೀತು. ಚಡ್ಡಿ ಅಗಲವಾಗಿರಲಿ. ಬಿಗಿಯಾದ ಟ್ರ್ಯಾಕ್ ಪ್ಯಾಂಟ್ ತೊಡೆಯನ್ನು ಹಿಡಿದುಬಿಡುತ್ತದೆ.

ಎರಡನೇ ವಾರದಿಂದ ಬ್ಯಾಗ್ ಬೇಕು. ಆರಡಿ ಉದ್ದದ ಬ್ಯಾಗ್ ಒಳ್ಳೆಯದು. ನಾಲ್ಕಡಿಯದೂ ನಡೆಯುತ್ತದೆ, ಅದರ ಕೆಳತುದಿ ನಿಮ್ಮ ತೊಡೆಯ ನಡುಭಾಗಕ್ಕಿಂತ ಕೆಳಗಿರಬೇಕು ಅಷ್ಟೇ. ಮನೆಯಲ್ಲೇ ತಯಾರಿಸುವವರು ಮಾಡುವ ದೊಡ್ಡ ತಪ್ಪು ಚೀಲಕ್ಕೆ ಮರಳು ತುಂಬುವುದು. ನಾಲ್ಕು ದಿನದಲ್ಲಿ ಮರಳು ಕೆಳಗಿಳಿದು ಕೂರುತ್ತದೆ. ಮುಷ್ಟಿ ತಾಗುವ ಮೇಲ್ಭಾಗ ಮೆತ್ತಗೆ ಉಳಿದು, ಮಂಡಿ ತಾಗುವ ಕೆಳಭಾಗ ಕಲ್ಲಿನಂತಾಗುತ್ತದೆ. ಟೈಲರ್ ಅಂಗಡಿಯಲ್ಲಿ ಮಿಕ್ಕ ಬಟ್ಟೆ ಚೂರುಗಳನ್ನು ತಂದು, ಗುಂಡಿ, ಜಿಪ್ ಇದ್ದರೆ ಕಿತ್ತುಹಾಕಿ, ಒಂದೊಂದು ಪದರವನ್ನೂ ಕೋಲಿನಿಂದ ಒತ್ತಿ ತುಂಬಿ. 25ರಿಂದ 40 ಕಿಲೋ ತೂಗಿದರೆ ಸರಿ. ಬೆರಳಿನಿಂದ ಒತ್ತಿದಾಗ ಮೇಲೂ ಕೆಳಗೂ ಒಂದೇ ಹದ ಸಿಗಬೇಕು.

ಜೊತೆಗಾರರೊಂದಿಗೆ ಅಭ್ಯಾಸ ಮಾಡುವ ಗಂಡಸರು ತೊಡೆಸಂದಿಗೆ ಗಾರ್ಡ್ ಹಾಕದೆ ಮ್ಯಾಟ್ ಹತ್ತಬಾರದು. ಕ್ರಿಕೆಟ್ಟಿನ ಪ್ಲಾಸ್ಟಿಕ್ ಗಾರ್ಡ್ ಮಂಡಿ ಎತ್ತಿದಾಗ ಪಕ್ಕಕ್ಕೆ ಸರಿಯುತ್ತದೆ. ದಾರದಿಂದ ಸೊಂಟಕ್ಕೆ ಬಿಗಿದು ಕಟ್ಟುವ ಥಾಯ್ ಮಾದರಿಯ ಉಕ್ಕಿನ ಗಾರ್ಡ್ ಕದಲುವುದಿಲ್ಲ.

ಮಂಡಿಯ ಲಿಗಮೆಂಟ್ ಅಥವಾ ಮೆನಿಸ್ಕಸ್‌ಗೆ, ಅಂದರೆ ಕೀಲಿನೊಳಗಿನ ಮೆತ್ತೆಗೆ, ಪೆಟ್ಟಾದವರು, ಹರ್ನಿಯಾ ಶಸ್ತ್ರಚಿಕಿತ್ಸೆ ಆದವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಂಡು ಬನ್ನಿ.

ಮುಂದಿನ ವಿವರಣೆಯೆಲ್ಲ ಎಡಗಾಲು ಮುಂದಿಟ್ಟು ನಿಲ್ಲುವವರಿಗೆ. ಎಡಚರು ಎಡ ಬಲ ಬದಲಿಸಿ ಓದಿಕೊಳ್ಳಿ. ಶುರುವಿಗೆ ಮುನ್ನ ಐದು ನಿಮಿಷ ಸ್ಕಿಪ್ಪಿಂಗ್ ಮಾಡಿ. ಆಮೇಲೆ ಗೋಡೆ ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ 15 ಸಲ ಬೀಸಿ.

1. ನಿಲುವು

ಕಾಲುಗಳ ನಡುವೆ ಭುಜದಷ್ಟು ಅಗಲ. ಎಡಪಾದ ಮುಂದೆ, ಬಲಪಾದ ಅರ್ಧ ಹೆಜ್ಜೆ ಹಿಂದೆ, ಬಲ ಹಿಮ್ಮಡಿ ನೆಲದಿಂದ ತುಸು ಮೇಲೆ. ಎರಡೂ ಕೈ ಹುಬ್ಬಿನ ಮಟ್ಟದಲ್ಲಿ, ಗಲ್ಲ ಕೆಳಗೆ. ಎರಡೂ ಪಾದ ಒಂದೇ ಗೆರೆಯಲ್ಲಿದ್ದರೆ, ಹಗ್ಗದ ಮೇಲೆ ನಿಂತಂತೆ, ಸೊಂಟ ತಿರುಗಲು ಜಾಗ ಸಿಗುವುದಿಲ್ಲ.

2. ಮೊನೆಯನ್ನು ಗುರುತಿಸಿ

ಕುರ್ಚಿಯ ಮೇಲೆ ಕೂತು ಬಲಗಾಲನ್ನು ಪೂರ್ತಿ ಮಡಚಿ, ಹಿಮ್ಮಡಿಯನ್ನು ಆದಷ್ಟು ಹಿಂದಕ್ಕೆಳೆಯಿರಿ. ಈಗ ಬೆರಳ ಗೆಣ್ಣಿನಿಂದ ಮಂಡಿಚಿಪ್ಪನ್ನು ಮೆಲ್ಲಗೆ ಕುಟ್ಟುತ್ತಾ ಮೇಲಕ್ಕೆ ಬನ್ನಿ. ಚಿಪ್ಪಿನ ಮೇಲಂಚು ಮತ್ತು ಅದರಿಂದ ಎರಡು ಬೆರಳಷ್ಟು ಮೇಲೆ, ತೊಡೆಮೂಳೆಯ ತುದಿ ಗಟ್ಟಿಯಾಗಿ ಸಿಗುತ್ತದೆ. ಹೊಡೆಯಬೇಕಾದ ಜಾಗ ಅದು. ಕಾಲನ್ನು ಅರ್ಧ ಬಿಚ್ಚಿ ಮತ್ತೆ ಕುಟ್ಟಿ ನೋಡಿ. ಈಗ ಮುಂದೆ ಬಂದು ನಿಂತಿರುವುದು ಚಿಪ್ಪು. ಕಾಲನ್ನು ಅರೆಬರೆ ಮಡಚಿ ಬ್ಯಾಗಿಗೆ ಹೊಡೆದಾಗ ಪೆಟ್ಟೆಲ್ಲ ತಗುಲುವುದು ಆ ಚಿಪ್ಪಿಗೆ. ಮಂಡಿ ನೋವಿನ ಅರ್ಧ ದೂರುಗಳ ಮೂಲ ಇಲ್ಲೇ ಇದೆ.

ಆದ್ದರಿಂದ ಹಿಮ್ಮಡಿ ಪೃಷ್ಠದ ಕಡೆಗೆ, ಕಾಲ್ಬೆರಳು ನೆಲದ ಕಡೆಗೆ. ಬೆರಳನ್ನು ಮೇಲಕ್ಕೆತ್ತಿದರೆ ಪಾದ ಮುಂದೆ ಚಾಚಿಕೊಂಡು, ಮಂಡಿಗಿಂತ ಮೊದಲು ಎದುರಿನವರ ತೊಡೆಗೋ ಚಡ್ಡಿಗೋ ಸಿಕ್ಕಿಹಾಕಿಕೊಳ್ಳುತ್ತದೆ. ಬೆರಳು ಉಳುಕುವುದೂ ಹೀಗೆಯೇ.

3. ಸೊಂಟ ಕಳಿಸಿ

ಇಲ್ಲಿ ನಿಧಾನ ಮಾಡಿ. ಮಿಕ್ಕ ಹಂತಗಳಿಗೆ ಕೊಡುವಷ್ಟು ಸಮಯವನ್ನೆಲ್ಲ ಒಟ್ಟು ಸೇರಿಸಿ ಇದೊಂದಕ್ಕೆ ಕೊಟ್ಟರೂ ನಷ್ಟವಿಲ್ಲ.

ಎದುರಾಳಿ ಗಡಿಯಾರದ 12ರಲ್ಲಿ ನಿಂತಿದ್ದಾರೆ ಎಂದುಕೊಳ್ಳಿ. ಎಡಗಾಲಲ್ಲಿ 11ರ ದಿಕ್ಕಿಗೆ ಒಂದು ಚಿಕ್ಕ ಹೆಜ್ಜೆ ಇಡಿ, ಪಾದದ ತುದಿಯೂ ಅದೇ ದಿಕ್ಕಿಗೆ ತೆರೆದಿರಲಿ. ಪಾದವನ್ನು ನೇರ 12ಕ್ಕೆ ನೆಟ್ಟರೆ ಸೊಂಟ ತಿರುಗಲು ಹೊರಟಾಗ ಪಾದ ತಿರುಗದೆ, ನಡುವೆ ಸಿಕ್ಕಿಕೊಂಡ ಎಡ ಮಂಡಿ ತಿರುಚಿಕೊಳ್ಳುತ್ತದೆ. ಹೊಡೆಯುವ ಮಂಡಿಗಿಂತ ನಿಂತ ಕಾಲಿನ ಮಂಡಿಗೇ ಹೆಚ್ಚು ಅಪಾಯ ಎಂಬುದು ಹೊಸಬರಿಗೆ ಹೊಳೆಯುವುದೇ ಇಲ್ಲ.

ಈಗ ಭಾರವನ್ನೆಲ್ಲ ಎಡಗಾಲಿಗೆ ದಾಟಿಸಿ. ಎಡ ಹಿಮ್ಮಡಿ ಮೇಲೇಳಬೇಕು, ಬೆರಳ ಬುಡದ ದಪ್ಪ ಭಾಗದ ಮೇಲೆ ನಿಲ್ಲಬೇಕು. ಅದೇ ಗಳಿಗೆಯಲ್ಲಿ ಸೊಂಟದ ಬಲಭಾಗವನ್ನು ಮುಂದಕ್ಕೆ ತಳ್ಳಿ. ಬಾಗಿಲು ಮುಚ್ಚಿಕೊಳ್ಳದಂತೆ ಸೊಂಟದಿಂದ ಒತ್ತಿ ಹಿಡಿಯುತ್ತೇವಲ್ಲ, ಹಾಗೆ. ಮಡಚಿದ ಮಂಡಿ ಆ ಸೊಂಟದ ಜೊತೆಗೇ ಮುಂದೆ ಮತ್ತು ಮೇಲೆ ಓರೆಯಾಗಿ ಹೋಗುತ್ತದೆ. ಗುರಿ ಎದೆಮೂಳೆ ಮುಗಿಯುವಲ್ಲಿರುವ ಮೆತ್ತನೆಯ ಕುಳಿ, ಇಲ್ಲವೇ ಹೊಟ್ಟೆ. ಮಂಡಿ ಮುಂದೆ ಹೋದಂತೆ ಭುಜ ಹಿಂದಕ್ಕೆ ವಾಲುತ್ತದೆ. ನಿಂತ ಕಾಲಿನ ಪಾದದಿಂದ ಭುಜದವರೆಗೆ ಒಂದೇ ಓರೆಗೆರೆ ಎಳೆದ ಹಾಗಿರಬೇಕು. ಉಸಿರನ್ನು ಹಲ್ಲಿನ ಸಂದಿನಿಂದ 'ಉಶ್' ಎಂದು ಹೊರಬಿಡಿ.

ಸೊಂಟ ನಿಜವಾಗಿ ಹೋಗುತ್ತಿದೆಯೋ ಇಲ್ಲವೋ ತಿಳಿಯಲು ಟವೆಲ್ ಬಳಸಿ. ಟವೆಲನ್ನು ಹೊಕ್ಕುಳಿಗಿಂತ ನಾಲ್ಕು ಬೆರಳು ಕೆಳಗೆ ಮುಂದಿನಿಂದ ಸುತ್ತಿ, ಎರಡೂ ತುದಿಗಳನ್ನು ಹಿಂದೆ ನಿಂತ ಜೊತೆಗಾರರ ಕೈಗೆ ಕೊಡಿ. ಅವರು ಎಳೆಯಬಾರದು, ಸಡಿಲ ಬಾರದಷ್ಟು ಹಿಡಿದಿದ್ದರೆ ಸಾಕು. ಹೆಜ್ಜೆ ಇಟ್ಟಾದ ಮೇಲೆ ಅಲ್ಲಿಂದ ನಿಧಾನವಾಗಿ ಮಂಡಿ ಹೊಡೆಯಿರಿ. ಬರೀ ಕಾಲೆತ್ತಿದರೆ ಟವೆಲ್ ಇದ್ದ ಹಾಗೇ ಇರುತ್ತದೆ. ಕೆಲವರಲ್ಲಂತೂ ಸೊಂಟ ಹಿಂದೆ ಸರಿದು ಟವೆಲ್ ಜೋತು ಬೀಳುತ್ತದೆ. ಸೊಂಟ ಸರಿಯಾಗಿ ಹೋದಾಗ ಟವೆಲ್ ಬಿಗಿದುಕೊಂಡು ಹೊಟ್ಟೆಯ ಕೆಳಭಾಗವನ್ನು ಒತ್ತುತ್ತದೆ, ಹಿಂದಿನವರ ಕೈ ಮುಂದಕ್ಕೆ ಎಳೆದುಕೊಳ್ಳುತ್ತದೆ. ಆ ಒತ್ತಡವನ್ನು ಮೈ ನೆನಪಿಟ್ಟುಕೊಳ್ಳಲಿ. ಬಲಗಾಲಿಗೆ 10, ಎಡಗಾಲಿಗೆ 10, ಹೀಗೆ ಮೂರು ಸುತ್ತು.

ಒಬ್ಬರೇ ಇದ್ದರೆ ಗೋಡೆಗೆ ಎದುರಾಗಿ, ಮೊಣಕೈ ತುಸು ಬಗ್ಗಿರುವಂತೆ ಎರಡೂ ಅಂಗೈ ಊರಿ ನಿಲ್ಲಿ. ಹೊಟ್ಟೆಯ ಎತ್ತರಕ್ಕೆ ಗೋಡೆಗೆ ದಿಂಬೊಂದನ್ನು ಟೇಪಿನಿಂದ ಅಂಟಿಸಿ. ಮಂಡಿ ದಿಂಬಿಗೆ ತಾಗಿದಾಗ ಮೂರು ಎಣಿಸುವವರೆಗೆ ಹಾಗೇ ಒತ್ತಿ ನಿಲ್ಲಿ. ಒತ್ತಲು ಬಲ ಸಾಲದಿದ್ದರೆ ಹಿಮ್ಮಡಿ ಕೆಳಗೇ ಇದೆ ಎಂದರ್ಥ. ಕಣ್ಣು ದಿಂಬಿನ ಕಡೆ ಹೋಗಬಾರದು, ಗೋಡೆಯ ಮೇಲೆ ಎದುರಾಳಿಯ ಎದೆ ಇರುವ ಜಾಗದಲ್ಲಿ ಇರಬೇಕು.

ಹಿಂದಕ್ಕೆ ವಾಲುವಾಗ ಸೊಂಟದ ಮೇಲಿನ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವವರಿದ್ದಾರೆ. ಮರುದಿನ ಬೆಳಿಗ್ಗೆ ಬೆನ್ನು ಹಿಡಿದುಕೊಂಡರೆ ಕಾರಣ ಅದು. ಪೃಷ್ಠದ ಸ್ನಾಯುಗಳನ್ನು ಬಿಗಿಮಾಡಿ, ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿಯಿರಿ. ಆಗ ಇಡೀ ಮೈ ಹಲಗೆಯಂತೆ ವಾಲುತ್ತದೆ, ಬೆನ್ನು ಮುರಿಯುವುದಿಲ್ಲ.

4. ಕೈ ಎಲ್ಲಿರಬೇಕು

ಬಲಮಂಡಿ ಮುಂದೆ ಹೋಗುವಾಗ ಬಲಗೈ ತೊಡೆಯ ಪಕ್ಕದಿಂದ ಕೆಳಕ್ಕೆ, ಹಿಂದಕ್ಕೆ ಬೀಸಿ ಬರಲಿ. ಓಡುವಾಗ ಕೈ ಬೀಸುವುದರ ಲೆಕ್ಕವೇ ಇದು: ಕೈ ಹಿಂದೆ ಹೋದಷ್ಟೂ ಸೊಂಟ ಮುಂದೆ ಬರುತ್ತದೆ. ಎಡಗೈ ಮಾತ್ರ ಕೆಳಗಿಳಿಯಬಾರದು. ಅದನ್ನು ಮುಂದೆ ಚಾಚಿ ಎದುರಿನವರ ಭುಜದ ಮೇಲೆ ಊರಬಹುದು, ಇಲ್ಲವೇ ಹಣೆಯ ಮುಂದೆ ತಡೆಯಾಗಿ ಹಿಡಿಯಬಹುದು. ಎರಡೂ ಕೈ ಒಟ್ಟಿಗೆ ಕೆಳಗೆ ಬೀಳುವುದು ಹೊಸಬರ ಮಾಮೂಲಿ ತಪ್ಪು. ಬ್ಯಾಗ್ ತಿರುಗಿ ಹೊಡೆಯುವುದಿಲ್ಲವಾದ್ದರಿಂದ ಸ್ಪಾರಿಂಗ್, ಅಂದರೆ ಜೊತೆಗಾರರೊಂದಿಗೆ ಅಭ್ಯಾಸದ ಸೆಣಸಾಟ, ಆಡುವ ದಿನದವರೆಗೆ ಅದು ಗೊತ್ತೇ ಆಗುವುದಿಲ್ಲ.

5. ವಾಪಸ್ ಬನ್ನಿ

ಮಂಡಿ ಹೋದ ದಾರಿಯಲ್ಲೇ ಹಿಂದೆ ಬಂದು, ಬಲಪಾದ ಮೊದಲಿದ್ದ ಜಾಗದಲ್ಲೇ ಇಳಿಯಬೇಕು. ಹೊಡೆದ ಮೇಲೆ ಮುಂದಕ್ಕೆ ಮುಗ್ಗರಿಸಿ ಬಲಗಾಲು ಮುಂದೆ ಬೀಳುತ್ತಿದೆಯೇ? ಭುಜ ಹಿಂದೆ ವಾಲಿಲ್ಲ, ತಲೆ ಮಂಡಿಯನ್ನು ಹಿಂಬಾಲಿಸುತ್ತಿದೆ. ಚಾಕ್‌ಪೀಸಿನಿಂದ ಎರಡೂ ಪಾದಗಳ ಗುರುತು ಎಳೆದುಕೊಳ್ಳಿ. ಹತ್ತು ಹೊಡೆತದಲ್ಲಿ ಎಂಟು ಸಲವಾದರೂ ಬಲಪಾದ ಗುರುತಿನೊಳಗೆ ಇಳಿದರೆ ಬ್ಯಾಗಿನ ಹತ್ತಿರ ಹೋಗಿ.

6. ಬ್ಯಾಗಿನ ಮೇಲೆ

ದೂರ ಅಳೆಯುವುದು ಸುಲಭ. ನಿಲುವಿನಲ್ಲಿ ನಿಂತು ಎಡಗೈ ಚಾಚಿ. ಮೊಣಕೈ ತುಸು ಬಗ್ಗಿರುವಾಗಲೇ ಅಂಗೈ ಬ್ಯಾಗಿಗೆ ತಾಗಿದರೆ ಅದೇ ನಿಮ್ಮ ದೂರ. ಅದಕ್ಕಿಂತ ಹತ್ತಿರವಾದರೆ ಮಂಡಿಯ ಬದಲು ತೊಡೆ ಬಡಿಯುತ್ತದೆ: 'ದಪ್' ಎಂದು ದೊಡ್ಡ ಸದ್ದು ಬಂದರೂ ಬ್ಯಾಗ್ ಹಿಂದೆ ಹೋಗುವುದಿಲ್ಲ. ದೂರವಾದರೆ ಮಂಡಿ ಬ್ಯಾಗನ್ನು ಸವರಿ ಮೇಲೆ ಹೋಗುತ್ತದೆ, ಚರ್ಮ ಕಿತ್ತು ಬರುತ್ತದೆ. ಸರಿಯಾದ ಹೊಡೆತಕ್ಕೆ ಸದ್ದು ಕಡಿಮೆ, ಬ್ಯಾಗಿನ ನಡು ಒಳಗೆ ಮಡಚಿಕೊಂಡ ಹಾಗಾಗುತ್ತದೆ.

ಮೊದಲ ಮೂರು ದಿನ ಎರಡೂ ಕೈಯಿಂದ ಬ್ಯಾಗಿನ ಮೇಲ್ಭಾಗ ಹಿಡಿದು, ತನ್ನತ್ತ ಎಳೆಯುತ್ತಾ ಹೊಡೆಯಿರಿ. ಆಮೇಲೆ ಕೈ ಬಿಟ್ಟು, 4ನೇ ಹಂತದಲ್ಲಿ ಹೇಳಿದಂತೆ. ತೂಗಾಡುವ ಬ್ಯಾಗ್ ನಿಮ್ಮತ್ತ ಬರುವಾಗ ಸದ್ಯಕ್ಕೆ ಹೊಡೆಯಬೇಡಿ, ನಿಲ್ಲಿಸಿ ಹೊಡೆಯಿರಿ. 2 ನಿಮಿಷ ಹೊಡೆತ, 1 ನಿಮಿಷ ವಿರಾಮ, ಹೀಗೆ ಮೂರು ಸುತ್ತು ಸಾಕು. ಥಾಯ್ಲೆಂಡಿನ ಶಿಬಿರಗಳಲ್ಲಿ ದಿನದ ಅಭ್ಯಾಸ ಮುಗಿದ ಮೇಲೆ ಬ್ಯಾಗಿಗೆ ನೂರು, ಇನ್ನೂರು ಮಂಡಿ ಹೊಡೆಸುವುದು ರೂಢಿ. ಅದನ್ನು ನೋಡಿ ಮೊದಲ ವಾರವೇ ಇನ್ನೂರಕ್ಕೆ ಕೈ ಹಾಕಬೇಡಿ. ಐವತ್ತರ ನಂತರ ಹಿಮ್ಮಡಿ ಏಳುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಪ್ರತಿ ಹೊಡೆತವೂ ತಪ್ಪನ್ನೇ ರೂಢಿ ಮಾಡಿಸುತ್ತದೆ.

ಮಂಡಿಯ ಚರ್ಮ ಕೆಂಪಾದರೆ ತೆಳುವಾದ ಬಟ್ಟೆಯ ನೀ ಕ್ಯಾಪ್ ಹಾಕಿ. ದಪ್ಪ ಫೋಮಿನದು ಬೇಡ, ಎಲ್ಲಿ ತಾಗುತ್ತಿದೆ ಎಂಬುದನ್ನು ಅದು ಮರೆಮಾಚುತ್ತದೆ.

7. ಒಂಟಿ ಮಂಡಿ ಹೊಡೆಯಬೇಡಿ

ದೂರದಿಂದ ಬರೀ ಮಂಡಿ ಹಿಡಿದು ನುಗ್ಗಿದರೆ ಎದುರಿನವರು ಟೀಪ್ ಹಾಕುತ್ತಾರೆ. ಟೀಪ್ ಎಂದರೆ ಪಾದದಿಂದ ಹೊಟ್ಟೆಗೆ ಒತ್ತಿ ತಳ್ಳುವ ಒದೆ. ಒಂದೇ ಕಾಲಲ್ಲಿ ನಿಂತ ನೀವು ನೆಲ ಕಾಣುತ್ತೀರಿ. ಅದಕ್ಕೇ ಮುಂಚೆ ಎರಡು ಗುದ್ದು ಬೇಕು: ಎಡಗೈಯ ನೇರ ಗುದ್ದು ಜ್ಯಾಬ್, ಬಲಗೈಯ ನೇರ ಗುದ್ದು ಕ್ರಾಸ್, ಅವುಗಳ ಬೆನ್ನಲ್ಲೇ ಬಲಮಂಡಿ. ಈ ಜೋಡಣೆ ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಕ್ರಾಸ್ ಹೊಡೆದಾಗ ಭಾರ ತಾನಾಗಿಯೇ ಎಡಗಾಲಿಗೆ ಬಂದಿರುತ್ತದೆ, ಎದುರಿನವರ ಕೈ ಮುಖ ಮುಚ್ಚಲು ಮೇಲೆದ್ದಿರುತ್ತದೆ, ಹೊಟ್ಟೆ ಖಾಲಿ ಬಿದ್ದಿರುತ್ತದೆ.

ಮುಂದಿರುವ ಎಡಗಾಲಿನಿಂದ ಹೊಡೆಯಬೇಕಾದರೆ ಮೊದಲು ಪಾದ ಬದಲಿಸಿ. ಒಂದೇ ನೆಗೆತದಲ್ಲಿ ಎಡ ಹಿಂದೆ, ಬಲ ಮುಂದೆ. ಪಾದ ನೆಲಕ್ಕೆ ತಾಗುತ್ತಲೇ ಎಡಮಂಡಿ ಹೊರಡಲಿ. ನೆಗೆತ ಎತ್ತರವಾದಷ್ಟೂ ಸುಳಿವು ಬಿಟ್ಟುಕೊಟ್ಟಂತೆ. ಪಾದ ನೆಲ ಸವರಿಕೊಂಡು ಬದಲಾಗಬೇಕು.

8. ಪ್ಯಾಡ್ ಹಿಡಿಯುವವರಿಗೆ

ಮಂಡಿಗೆ ಪ್ಯಾಡ್ ಹಿಡಿಯುವುದೂ ಒಂದು ವಿದ್ಯೆ. ಮುಂಗೈಗೆ ತೊಡುವ ದಪ್ಪ ಮೆತ್ತೆಗಳಾದ ಎರಡೂ ಥಾಯ್ ಪ್ಯಾಡನ್ನು ಹೊಟ್ಟೆಯ ಮುಂದೆ ಒಂದರ ಮೇಲೊಂದು ಬರುವಂತೆ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಮುಖಭಾಗವನ್ನು ತುಸು ಕೆಳಕ್ಕೆ ಓರೆ ಮಾಡಿ. ಮಂಡಿ ಬರುವಾಗ ಎರಡಂಗುಲ ಮುಂದೆ ತಂದು ಎದುರುಗೊಳ್ಳಿ. ಪ್ಯಾಡ್ ಮೈಯಿಂದ ದೂರವಿದ್ದರೆ ಮಣಿಕಟ್ಟು ಉಳುಕುತ್ತದೆ, ಮೈಗೆ ಅಂಟಿಯೇ ಇದ್ದರೆ ಪೆಟ್ಟೆಲ್ಲ ಪಕ್ಕೆಲುಬಿಗೆ ದಾಟುತ್ತದೆ. ಹೊಟ್ಟೆಗೆ ಕಟ್ಟುವ ದಪ್ಪ ಪ್ಯಾಡ್ ಇದ್ದರೆ ಅದನ್ನೂ ಕಟ್ಟಿಕೊಳ್ಳಿ.

ಕ್ಲಿಂಚಿನೊಳಗೆ

ಕ್ಲಿಂಚ್ ಎಂದರೆ ನಿಂತೇ ಇಬ್ಬರೂ ಕುತ್ತಿಗೆ ತೋಳು ಹಿಡಿದು ಸೆಣಸುವುದು. ಗರಡಿಯ ಕುಸ್ತಿ ಕಂಡವರಿಗೆ ಹಿಡಿತದ ಪರಿಚಯ ಇರುತ್ತದೆ, ಆದರೆ ಮೈ ಬಗ್ಗಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ತಲೆ ತಗ್ಗಿತೆಂದರೆ ಮಂಡಿ ಮುಖಕ್ಕೇ ಬರುತ್ತದೆ. ಬೆನ್ನು ನೆಟ್ಟಗಿರಲಿ, ಸೊಂಟ ಎದುರಿನವರಿಗೆ ಹತ್ತಿರವಿರಲಿ. ಒಂದು ಅಂಗೈಯನ್ನು ಕುತ್ತಿಗೆಗಿಂತ ಮೇಲೆ, ತಲೆಯ ಹಿಂಭಾಗದ ಉಬ್ಬಿನ ಮೇಲಿಟ್ಟು, ಇನ್ನೊಂದು ಅಂಗೈಯನ್ನು ಅದರ ಮೇಲೆ ಹೇರಿ. ಬೆರಳಿಗೆ ಬೆರಳು ಹೆಣೆಯಬೇಡಿ; ಜಗ್ಗಾಟದಲ್ಲಿ ಬಿಡಿಸಿಕೊಳ್ಳಲಾಗದೆ ಬೆರಳು ಮುರಿಯುತ್ತದೆ. ಮೊಣಕೈಗಳು ಎದುರಿನವರ ಎದೆಗೆ ಒತ್ತಿಕೊಂಡು ಒಳಗಿರಲಿ. ಹೊಡೆಯುವ ಮುನ್ನ ಆ ಕಾಲನ್ನು ಅರ್ಧ ಹೆಜ್ಜೆ ಹಿಂದಿಡಿ, ಇಲ್ಲದಿದ್ದರೆ ಮಂಡಿಗೆ ಓಡಲು ಜಾಗವೇ ಇರುವುದಿಲ್ಲ.

ಅಭ್ಯಾಸದಲ್ಲಿ ಜೊತೆಗಾರರಿಗೆ ಮೊನೆ ತಾಗಿಸಬಾರದು. ಥಾಯ್ ಶಿಬಿರಗಳಲ್ಲಿ ಮಾಡುವಂತೆ ಮಂಡಿಯ ಮತ್ತು ತೊಡೆಯ ಒಳಮೈಯಿಂದ ಪಕ್ಕೆಗೆ ಮೆಲ್ಲಗೆ ತಟ್ಟಿದರೆ ಸಾಕು. ತಲೆಗೆ ಮಂಡಿ ಬೇಡವೇ ಬೇಡ.

ನೋವು ಬಂದರೆ

ತೊಡೆ ಸೊಂಟಕ್ಕೆ ಸೇರುವ ಮುಂಭಾಗದಲ್ಲಿ ಎಳೆದಂತಾದರೆ ಸೊಂಟ ದುಡಿಯದೆ ಬರೀ ತೊಡೆಯ ಸ್ನಾಯು ದುಡಿದಿದೆ. ಎರಡು ದಿನ ಬಿಟ್ಟು 3ನೇ ಹಂತಕ್ಕೆ ಮರಳಿ. ಮಂಡಿಚಿಪ್ಪಿನ ಮೇಲೆ ನೀರುಗುಳ್ಳೆಯಂತೆ ಮೆತ್ತನೆಯ ಊತ ಬಂದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15 ನಿಮಿಷ ಇಡಿ, ಊತ ಪೂರ್ತಿ ಇಳಿಯುವವರೆಗೆ ಬ್ಯಾಗ್ ಮುಟ್ಟಬೇಡಿ. ಅದರ ಜೊತೆಗೆ ಆ ಜಾಗ ಕೆಂಪೇರಿ ಬಿಸಿಯಾದರೆ, ಪೆಟ್ಟಾದ ಕೆಲವೇ ಗಂಟೆಯಲ್ಲಿ ಇಡೀ ಮಂಡಿ ಊದಿಕೊಂಡರೆ, ಮಡಚಿದ ಕಾಲು ಬಿಚ್ಚಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಮಂಡಿ ಕುಸಿದಂತಾದರೆ ಉಜ್ಜುವುದು, ತಿಕ್ಕುವುದು ಬೇಡ, ನೇರ ವೈದ್ಯರಲ್ಲಿಗೆ ಹೋಗಿ.

ತಿಂಗಳ ಕೊನೆಗೆ ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಹಿಡಿಸಿ, ಒಂದೊಂದು ಕಾಲಿಗೂ 50 ಹೊಡೆಯಿರಿ. ಮೊದಲ ಐದನ್ನೂ ಕೊನೆಯ ಐದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಂತ ಕಾಲಿನ ಹಿಮ್ಮಡಿ ಎರಡರಲ್ಲೂ ಅಷ್ಟೇ ಎತ್ತರಕ್ಕೆ ಎದ್ದಿದ್ದರೆ, ಹಿಂದಿನ ಪಾದ ಅದೇ ಗುರುತಿಗೆ ಇಳಿದಿದ್ದರೆ ಪಕ್ಕೆಗೆ ಓರೆಯಾಗಿ ಹೋಗುವ 'ಖಾವ್ ಚಿಯಾಂಗ್' ಕಲಿಯಲು ಶುರು ಮಾಡಬಹುದು. ಹಿಮ್ಮಡಿ ಕೆಳಗಿಳಿದಿದ್ದರೆ ಇನ್ನೂ ಎರಡು ವಾರ ಟವೆಲ್ ಮತ್ತು ದಿಂಬು.